‘ವಾಕ್’ ಪದವನ್ನು ಎಡವದೆ ಬಳಸುವುದು ಹೇಗೆ: ಕಲಬುರಗಿ ಕಡೆಯ ಕಲಿಯುವವರಿಗೆ ಹಂತ ಹಂತದ ಮಾರ್ಗದರ್ಶಿ

ಕಲಬುರಗಿಯಲ್ಲಿ ಸಂಜೆ ಹೊತ್ತು ನಾನು ಮಾತನಾಡುವ ಇಂಗ್ಲಿಷ್ ಹೇಳಿಕೊಡುತ್ತೇನೆ. ಸೇಡಂ, ಆಳಂದ, ಶಹಾಪುರ, ಹುಮನಾಬಾದ್ ಕಡೆಯಿಂದ ಓದಲು ಬಂದ ಹುಡುಗ ಹುಡುಗಿಯರೇ ಜಾಸ್ತಿ. ‘ವಾಕ್’ ಅಂದರೆ ನಡೆಯುವುದು ಅಂತ ಎಲ್ಲರಿಗೂ ಗೊತ್ತು. ಆದರೂ ಪ್ರತಿ ಬ್ಯಾಚ್‌ನಲ್ಲೂ ಅವೇ ಮೂರು ವಾಕ್ಯ ಬರುತ್ತವೆ: “ಐ ಕೇಮ್ ಬೈ ವಾಕ್”, “ಐ ಆಮ್ ಗೋಯಿಂಗ್ ಫಾರ್ ವಾಕಿಂಗ್”, “ವೇರ್ ಆರ್ ಯೂ ವಾಕಿಂಗ್?” ಮೂರೂ ತಪ್ಪು. ಮೂರಕ್ಕೂ ಕಾರಣ ಬೇರೆ ಬೇರೆ. ಅದಕ್ಕೇ ಸುಮ್ನೆ ಸರಿ ವಾಕ್ಯ ಬಾಯಿಪಾಠ ಮಾಡಿಸಿದರೆ ಒಂದು ವಾರ ಉಳಿಯುತ್ತದೆ, ಆಮೇಲೆ ಮತ್ತೆ ಹಳೆ ದಾರಿ. ಕಾರಣವನ್ನೇ ಹಿಡಿದು ಹೋಗೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನೇರವಾಗಿ ಆರನೇ ಹಂತಕ್ಕೆ ಹಾರಿ ‘ವಾಕ್ ಔಟ್’, ‘ವಾಕ್ ಅವೇ’ ಅಂತ ಶುರು ಮಾಡುವವರು ತುಂಬಾ ಜನ. ಅವರೇ ಕೊನೆಗೂ ‘ಬೈ ವಾಕ್’ ಬಿಡುವುದಿಲ್ಲ.

ಶುರು ಮಾಡುವ ಮೊದಲು ಬೇಕಾದದ್ದು

ಒಂದು ಚಿಕ್ಕ ನೋಟ್‌ಬುಕ್, ಧ್ವನಿ ರೆಕಾರ್ಡ್ ಆಗುವ ಮೊಬೈಲ್, ಮತ್ತು ಒಂದು ಇಂಗ್ಲಿಷ್–ಇಂಗ್ಲಿಷ್ ಡಿಕ್ಷನರಿ. ಆಕ್ಸ್‌ಫರ್ಡ್ ಅಥವಾ ಕೇಂಬ್ರಿಡ್ಜ್‌ನ ಕಲಿಯುವವರ ಡಿಕ್ಷನರಿ ಮೊಬೈಲ್‌ನಲ್ಲೇ ಸಿಗುತ್ತದೆ, ಪದದ ಪಕ್ಕದ ಸ್ಪೀಕರ್ ಗುರುತು ಒತ್ತಿದರೆ ಉಚ್ಚಾರವನ್ನೂ ಕೇಳಬಹುದು. ಇಂಗ್ಲಿಷ್–ಕನ್ನಡ ಡಿಕ್ಷನರಿಯನ್ನು ಈ ಕೆಲಸಕ್ಕೆ ಸ್ವಲ್ಪ ದಿನ ಪಕ್ಕಕ್ಕಿಡಿ. ಅದು ಕೆಟ್ಟದ್ದು ಅಂತಲ್ಲ. ‘ವಾಕ್ = ನಡೆ’ ಅಂತ ಒಂದೇ ಪದ ಕೊಟ್ಟುಬಿಡುತ್ತದೆ. ನಮ್ಮ ತೊಂದರೆ ಹುಟ್ಟುವುದೇ ಆ ಸಮಾನ ಚಿಹ್ನೆಯಲ್ಲಿ.

ಹಂತ 1: ಮೊದಲು ಬಾಯಿ ಸರಿ ಮಾಡಿಕೊಳ್ಳಿ

ಸ್ಪೆಲಿಂಗ್ ಡಬ್ಲ್ಯೂ, ಎ, ಎಲ್, ಕೆ. ಇದರಲ್ಲಿ ಎಲ್ ಕೇಳಿಸುವುದಿಲ್ಲ. ‘ಟಾಕ್’, ‘ಚಾಕ್’ ಪದಗಳಲ್ಲೂ ಹೀಗೇ. ಎ ಆದ ಮೇಲೆ ಎಲ್ ಮತ್ತು ಕೆ ಒಟ್ಟಿಗೆ ಬಂದಾಗ ಸಾಮಾನ್ಯವಾಗಿ ಎಲ್ ಸುಮ್ಮನಿರುತ್ತದೆ. ‘ಮಿಲ್ಕ್’, ‘ಸಿಲ್ಕ್’ನಲ್ಲಿ ಕೇಳಿಸುತ್ತದಲ್ಲ ಅಂತ ಕೇಳಬಹುದು, ಆದರೆ ಅಲ್ಲಿ ಎಲ್‌ಗೆ ಮುಂಚೆ ಇರುವುದು ಐ, ಎ ಅಲ್ಲ.

ಸ್ವರ ನಮ್ಮ ‘ಆ’ ಅಲ್ಲ, ‘ಓ’ ಕೂಡ ಅಲ್ಲ, ಎರಡರ ನಡುವೆ ಇದೆ. ‘ಆ’ ಅನ್ನಲು ಬಾಯಿ ತೆರೆದು ತುಟಿಯನ್ನು ಸ್ವಲ್ಪ ದುಂಡಗೆ ಮಾಡಿ, ಉದ್ದವಾಗಿ ಎಳೆಯಿರಿ. ಕನ್ನಡ ಲಿಪಿಯಲ್ಲಿ ಅದಕ್ಕೆ ಸರಿಯಾದ ಗುರುತಿಲ್ಲ, ಹಾಗಾಗಿ ಇಲ್ಲಿ ‘ವಾಕ್’ ಅಂತಲೇ ಬರೆಯುತ್ತೇನೆ. ತುಟಿ ತೀರಾ ಮುಚ್ಚಿದರೆ ‘ವೋಕ್’ ಆಗುತ್ತದೆ, ಅಂದರೆ ಎಚ್ಚರವಾಯಿತು. ‘ವರ್ಕ್’ ಅಂದರೆ ಕೆಲಸ. ಬಹುಪಾಲು ಬ್ರಿಟಿಷರ ಮಾತಿನಲ್ಲಿ ‘ವರ್ಕ್’ನ ಆರ್ ಕೇಳಿಸುವುದೇ ಇಲ್ಲ. ಅದಕ್ಕೇ ಲಿಸನಿಂಗ್ ಪರೀಕ್ಷೆಗಳಲ್ಲಿ ನಮ್ಮವರು ಇವೆರಡನ್ನು ಅದಲು ಬದಲು ಮಾಡುತ್ತಾರೆ.

ಭೂತಕಾಲಕ್ಕೆ ಹೋದರೆ ಇನ್ನೊಂದು ಗುಂಡಿ. ಕೊನೆಯಲ್ಲಿ ಇ, ಡಿ ಇದೆ ಅಂತ ‘ವಾಕೆಡ್’ ಅನ್ನಬೇಡಿ. ‘ಕ’ ಶಬ್ದ ಆದ ಮೇಲೆ ಬರುವ ಆ ಇ, ಡಿ ‘ಟ್’ ಆಗಿ ಕೇಳಿಸುತ್ತದೆ: ವಾಕ್ಟ್. ಒಂದೇ ಉಸಿರು, ಒಂದೇ ತುಂಡು. ‘ಲುಕ್ಟ್’, ‘ಕುಕ್ಟ್’ ಕೂಡ ಹೀಗೇ.

ಅಭ್ಯಾಸಕ್ಕೆ ಈ ವಾಕ್ಯ ಸಾಕು: “ಐ ವೋಕ್ ಅಪ್ ಅಂಡ್ ವಾಕ್ಟ್ ಟು ವರ್ಕ್.” ಮೂರು ಶಬ್ದವೂ ಒಂದೇ ಸಾಲಲ್ಲಿ ಇವೆ. ರೆಕಾರ್ಡ್ ಮಾಡಿ, ಡಿಕ್ಷನರಿಯ ಧ್ವನಿ ಕೇಳಿ, ಮತ್ತೆ ರೆಕಾರ್ಡ್ ಮಾಡಿ. ಆಮೇಲೆ ಮೊಬೈಲ್‌ನ ವಾಯ್ಸ್ ಟೈಪಿಂಗ್ ಆನ್ ಮಾಡಿ ‘ವಾಕ್’ ಅಂತ ಒಂದೇ ಪದ ಹೇಳಿ ನೋಡಿ. ಇಡೀ ವಾಕ್ಯ ಹೇಳಿದರೆ ಮೊಬೈಲ್ ಅಕ್ಕಪಕ್ಕದ ಪದ ನೋಡಿ ಊಹೆ ಮಾಡಿ ಸರಿಪಡಿಸಿಬಿಡುತ್ತದೆ, ನಿಮ್ಮ ತಪ್ಪು ನಿಮಗೆ ಗೊತ್ತಾಗುವುದಿಲ್ಲ. ಒಂದೇ ಪದ ಹೇಳಿದಾಗ ಪದೇ ಪದೇ ‘ವರ್ಕ್’ ಅಥವಾ ‘ವೋಕ್’ ಬರುತ್ತಿದ್ದರೆ ತುಟಿ ಇನ್ನೂ ಸರಿ ಆಗಿಲ್ಲ.

ಹಂತ 2: ‘ನಡೆ’ಯನ್ನು ಜರಡಿ ಹಿಡಿಯಿರಿ

ಈ ಹಂತಕ್ಕೆ ಅವಸರ ಮಾಡಬೇಡಿ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗ ಓದಲು ಸಮಯ ಇದ್ದರೆ ಇದನ್ನೇ ಓದಿ.

ಕನ್ನಡದ ‘ನಡೆ’ ತುಂಬಾ ದೊಡ್ಡ ಪದ. ಮದುವೆ ನಡೆಯುತ್ತದೆ, ಜಾತ್ರೆ ನಡೆಯುತ್ತದೆ, ಅಂಗಡಿ ನಡೆಯುತ್ತದೆ, ಮನೆ ನಡೆಸುತ್ತೇವೆ, ದೊಡ್ಡವರ ಮುಂದೆ ಸರಿಯಾಗಿ ನಡೆದುಕೊಳ್ಳುತ್ತೇವೆ. ನಮ್ಮ ಕಡೆ ಇನ್ನೂ ಜಾಸ್ತಿ. ಚಹಾಕ್ಕೆ ಸಕ್ಕರೆ ಕಡಿಮೆ ಆದರೆ “ನಡಿತದ ಬಿಡ್ರಿ” ಅನ್ನುತ್ತೇವೆ. ಗೆಳೆಯನನ್ನು ಎಬ್ಬಿಸಲು “ನಡಿ ನಡಿ” ಅನ್ನುತ್ತೇವೆ. ಬಸ್ ಸ್ಟ್ಯಾಂಡ್‌ನಲ್ಲಿ ಪರಿಚಯದವರು ಕಂಡರೆ “ಎಲ್ಲಿಗಿ ನಡದೀರಿ?” ಅಂತ ಕೇಳುತ್ತೇವೆ. ಅವರು ರೈಲು ಹತ್ತಿ ಬೆಂಗಳೂರಿಗೆ ಹೊರಟಿದ್ದರೂ ನಮ್ಮ ಬಾಯಲ್ಲಿ ಅದು ‘ನಡೆ’ಯೇ. ಮನೆಯಲ್ಲಿ ದಖನಿ ಉರ್ದು ಮಾತಾಡುವವರಿಗೂ ಇದೇ ಕಥೆ: ‘ಚಲೋ’, ‘ಚಲ್ತಾ ಹೈ’, ‘ದುಕಾನ್ ಚಲ್ ರಹೀ ಹೈ’. ಎರಡು ಭಾಷೆ ಸೇರಿ ಒಂದೇ ಕಡೆಗೆ ತಳ್ಳುವುದರಿಂದ ನಮ್ಮ ಭಾಗದವರಿಗೆ ಈ ತಪ್ಪು ಬಿಡಿಸಿಕೊಳ್ಳುವುದು ಕಷ್ಟ.

ಇಂಗ್ಲಿಷಿನ ‘ವಾಕ್’ ಇಷ್ಟು ಅಗಲ ಇಲ್ಲ. ಅದರ ಮೂಲ ಅರ್ಥ ಕಾಲಿಗೆ ಕಟ್ಟಿಕೊಂಡಿದೆ. ಒಂದರ ಹಿಂದೆ ಒಂದು ಹೆಜ್ಜೆ ಇಡುತ್ತಾ, ಓಡದೆ, ಮುಂದೆ ಹೋಗುವುದು. ಹಾಗಾಗಿ ಬಾಯಿ ತೆರೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಕಾಲು ನೆಲಕ್ಕೆ ಬೀಳುತ್ತಿದೆಯಾ? ಬೀಳದಿದ್ದರೆ ‘ವಾಕ್’ ಬೇಡ.

ಮದುವೆ ನಡೆಯಿತು: “ದ ವೆಡಿಂಗ್ ಟುಕ್ ಪ್ಲೇಸ್.”
ಅಂಗಡಿ ಚೆನ್ನಾಗಿ ನಡೆಯುತ್ತಿದೆ: “ದ ಶಾಪ್ ಈಸ್ ಡೂಯಿಂಗ್ ವೆಲ್.”
ಅಪ್ಪ ಕಿರಾಣಿ ಅಂಗಡಿ ನಡೆಸುತ್ತಾರೆ: “ಮೈ ಫಾದರ್ ರನ್ಸ್ ಎ ಕಿರಾಣಾ ಶಾಪ್.”
ಗಡಿಯಾರ ನಡೆಯುತ್ತಿಲ್ಲ: “ದ ಕ್ಲಾಕ್ ಹ್ಯಾಸ್ ಸ್ಟಾಪ್ಡ್.”
ಅವನು ಸರಿಯಾಗಿ ನಡೆದುಕೊಳ್ಳಲಿಲ್ಲ: “ಹೀ ಡಿಡ್ ನಾಟ್ ಬಿಹೇವ್ ವೆಲ್.”
ನಡಿತದ ಬಿಡ್ರಿ: “ದಟ್ಸ್ ಫೈನ್” ಅಥವಾ “ದಟ್ ವಿಲ್ ಡೂ.”
ನಡಿ, ಹೋಗೋಣ: “ಕಮ್ ಆನ್, ಲೆಟ್ಸ್ ಗೋ.”

ಅಂಗಡಿಯ ವಿಷಯ ಗಮನಿಸಿ. ನಾವು ನಡೆಸುತ್ತೇವೆ, ಅವರು ಓಡಿಸುತ್ತಾರೆ. ಎರಡೂ ಭಾಷೆಗೆ ಕಾಲು ಬೇಕು, ವೇಗ ಮಾತ್ರ ಬೇರೆ.

ಇನ್ನೊಂದು ಸೂಕ್ಷ್ಮ ಇದೆ. ಕಾಲು ನೆಲಕ್ಕೆ ಬಿದ್ದರೂ, ನಡೆದು ಹೋದಿರೋ ಗಾಡಿಯಲ್ಲಿ ಹೋದಿರೋ ಅನ್ನುವುದು ಮುಖ್ಯ ಅಲ್ಲದಿದ್ದರೆ ‘ಗೋ’ ಸಾಕು. “ಐ ವಾಕ್ಟ್ ಟು ದ ಬ್ಯಾಂಕ್” ಅಂದರೆ ಕೇಳುವವರಿಗೆ ‘ಗಾಡಿ ಇರಲಿಲ್ಲ, ನಡೆದೇ ಹೋದೆ’ ಅಂತ ಕೇಳಿಸುತ್ತದೆ. ಸುಮ್ನೆ ಬ್ಯಾಂಕಿಗೆ ಹೋಗಿದ್ದೆ ಅನ್ನಬೇಕಿದ್ದರೆ “ಐ ವೆಂಟ್ ಟು ದ ಬ್ಯಾಂಕ್.”

ಅಪಾಯದ ಗುರುತು: ವಾಕ್ಯವನ್ನು ಮೊದಲು ಕನ್ನಡದಲ್ಲಿ ಕಟ್ಟಿ, ಅದರಲ್ಲಿ ‘ನಡಿ’ ಕಂಡ ತಕ್ಷಣ ಕೈ ‘ವಾಕ್’ ಕಡೆ ಹೋಗುತ್ತಿದ್ದರೆ ನಿಲ್ಲಿ. ನೋಟ್‌ಬುಕ್‌ನಲ್ಲಿ ಒಂದು ಪುಟ ಇದಕ್ಕೇ ಇಡಿ. ಮೂರು ದಿನ ನೀವು, ಮನೆಯವರು, ಅಂಗಡಿಯವರು ಆಡುವ ಪ್ರತಿ ‘ನಡಿ’ಯನ್ನು ಬರೆದು, ಪಕ್ಕದಲ್ಲಿ ಕಾಲಿದೆ ಅಥವಾ ಕಾಲಿಲ್ಲ ಅಂತ ಗುರುತು ಹಾಕಿ. ಕಾಲಿಲ್ಲದವೇ ಜಾಸ್ತಿ ಸಿಗುತ್ತವೆ, ನೋಡಿ ನಿಮಗೇ ಆಶ್ಚರ್ಯ ಆಗುತ್ತದೆ.

ಹಂತ 3: ‘ಬೈ ವಾಕ್’ ಬಿಡಿ

ಬೈ ಬಸ್, ಬೈ ಟ್ರೇನ್, ಬೈ ಆಟೋ, ಹಾಗಾದರೆ ಬೈ ವಾಕ್. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಆ ‘ಬೈ’ ಬರುವುದು ಪ್ರಯಾಣದ ಸಾಧನಕ್ಕೆ. ಬಸ್ಸು, ರೈಲು, ಆಟೋ ವಸ್ತುಗಳು. ‘ವಾಕ್’ ಸಾಧನ ಅಲ್ಲ, ಅದು ಮಾಡುವ ಕೆಲಸ. ಕಾಲನ್ನೇ ಹೇಳಬೇಕಿದ್ದರೆ ಇಂಗ್ಲಿಷಿನಲ್ಲಿ ‘ಆನ್ ಫುಟ್’ ಇದೆ. “ಐ ಕೇಮ್ ಆನ್ ಫುಟ್” ಸರಿ.

ಇದಕ್ಕಿಂತ ಒಳ್ಳೆಯ ದಾರಿ ಇದೆ. ನಾವು ‘ನಡೆದುಕೊಂಡು ಬಂದೆ’ ಅನ್ನುತ್ತೇವೆ. ಇಲ್ಲಿ ಮುಖ್ಯ ಕ್ರಿಯೆ ಬರುವುದು. ನಡೆಯುವುದು ಬಂದ ರೀತಿ ಅಷ್ಟೇ. ಇಂಗ್ಲಿಷಿನಲ್ಲಿ ಎರಡು ಕ್ರಿಯಾಪದ ಬೇಕಾಗಿಲ್ಲ. ‘ವಾಕ್’ ಒಂದೇ ರೀತಿಯನ್ನೂ ಸಾಗುವುದನ್ನೂ ಹೊರುತ್ತದೆ, ದಿಕ್ಕನ್ನು ಪಕ್ಕದ ಪುಟ್ಟ ಪದ ಹೇಳುತ್ತದೆ. ಅಂದರೆ ಬೈ ಬಿಡಿ, ಕೇಮ್ ಬಿಡಿ, “ಐ ವಾಕ್ಟ್” ಅನ್ನಿ, ಮುಗಿಯಿತು. “ಹೇಗೆ ಬಂದಿರಿ?” ಅಂತ ಯಾರಾದರೂ ಕೇಳಿದರೆ ಆ ಎರಡೇ ಪದ ಪೂರ್ತಿ ಉತ್ತರ.

ಈಗ ಆ ಪುಟ್ಟ ಪದಗಳು, ನಮ್ಮ ಊರಲ್ಲೇ ಅಡ್ಡಾಡಿಕೊಂಡು:

“ಐ ವಾಕ್ಟ್ ಟು ಸೂಪರ್ ಮಾರ್ಕೆಟ್.” ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಪ್ರದೇಶಕ್ಕೆ, ಅಂದರೆ ಮುಟ್ಟುವ ಜಾಗಕ್ಕೆ ‘ಟು’.
“ವಿ ವಾಕ್ಟ್ ಫ್ರಮ್ ದ ಸ್ಟೇಷನ್ ಟು ಜಗತ್ ಸರ್ಕಲ್.” ಎಲ್ಲಿಂದ ಎಲ್ಲಿಗೆ.
“ದೇ ವಾಕ್ಟ್ ಅರೌಂಡ್ ದ ಲೇಕ್.” ಅಪ್ಪನ ಕೆರೆಯನ್ನು ಸುತ್ತು ಹಾಕಿದರು.
“ಶೀ ವಾಕ್ಟ್ ಅಕ್ರಾಸ್ ದ ರೋಡ್.” ರಸ್ತೆ ದಾಟಿದಳು.
“ವಿ ವಾಕ್ಟ್ ಥ್ರೂ ದ ಗೇಟ್ ಆಫ್ ಬೀದರ್ ಫೋರ್ಟ್.” ಬಾಗಿಲ ಒಳಗಿಂದ ಹಾದು.
“ವಿ ವಾಕ್ಟ್ ಅಪ್ ದ ಹಿಲ್ ಟು ಯಾದಗಿರಿ ಫೋರ್ಟ್.” ಗುಡ್ಡ ಏರಿ.
“ಹೀ ವಾಕ್ಟ್ ಪಾಸ್ಟ್ ಮೀ.” ನನ್ನ ಪಕ್ಕದಲ್ಲೇ ಹಾದುಹೋದ, ನಿಲ್ಲಲಿಲ್ಲ.

ಒಂದು ಕಡೆ ಮಾತ್ರ ಪುಟ್ಟ ಪದ ಬೇಡ, ಅದು ‘ಹೋಮ್’. “ಐ ವಾಕ್ಟ್ ಹೋಮ್.” ‘ಟು ಹೋಮ್’ ಅಲ್ಲ. ‘ಹಿಯರ್’, ‘ದೇರ್’ ಕೂಡ ಹಾಗೇ. ಆದರೆ ‘ಹೌಸ್’ ಬಂದರೆ ‘ಟು’ ಬೇಕು: “ಐ ವಾಕ್ಟ್ ಟು ಹಿಸ್ ಹೌಸ್.”

ದೂರ ಹೇಳುವಾಗ ನೇರವಾಗಿ ಹೇಳಿ: “ವಿ ವಾಕ್ಟ್ ಫೈವ್ ಕಿಲೋಮೀಟರ್ಸ್.” ಯುಗಾದಿಗೆ ಮುಂಚೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರ ಬಗ್ಗೆ ಹೇಳಬೇಕಿದ್ದರೆ “ದೇ ವಾಕ್ ಆಲ್ ದ ವೇ ಟು ಶ್ರೀಶೈಲಂ.” ಆ ‘ಆಲ್ ದ ವೇ’ಯಲ್ಲಿ ಅಷ್ಟು ದೂರವೂ ನಡೆದೇ ಅನ್ನುವ ಭಾವ ಇದೆ. ಪಾದಯಾತ್ರೆಗೆ ಇಂಗ್ಲಿಷಿನಲ್ಲಿ ಒಂದೇ ಪದ ಹುಡುಕುತ್ತಾ ಕೂರಬೇಡಿ.

ಕಾಲದ ತಪ್ಪೂ ಇಲ್ಲೇ ಬರುತ್ತದೆ. ದಿನಾ ಮಾಡುವ ಕೆಲಸಕ್ಕೆ “ಡೈಲಿ ಐ ಆಮ್ ವಾಕಿಂಗ್” ಅನ್ನಬೇಡಿ. “ಐ ವಾಕ್ ಎವ್ರಿ ಡೇ” ಅನ್ನಿ. ‘ಆಮ್ ವಾಕಿಂಗ್’ ಅಂದರೆ ಈಗ, ಈ ಕ್ಷಣ ಕಾಲು ಎತ್ತಿ ಇಡುತ್ತಿದ್ದೀರಿ ಅಂತ.

ಹಂತ 4: ‘ವಾಕಿಂಗ್’ ನಮ್ಮದು, ‘ಎ ವಾಕ್’ ಅವರದು

ಕನ್ನಡದಲ್ಲಿ ‘ವಾಕಿಂಗ್’ ಈಗ ನಮ್ಮದೇ ಪದ. ‘ಬೆಳಿಗ್ಗೆ ವಾಕಿಂಗ್ ಹೋಗ್ತೀನಿ’ ಅಂದರೆ ತಪ್ಪೇನಿಲ್ಲ, ಅದು ಕನ್ನಡ. ಅದನ್ನೇ ಎತ್ತಿ ಇಂಗ್ಲಿಷ್ ವಾಕ್ಯದಲ್ಲಿ ಇಟ್ಟಾಗ ಕೆಡುತ್ತದೆ. ಇಂಗ್ಲಿಷಿನಲ್ಲಿ ‘ಗೋ’ ಜೊತೆ ಎರಡೇ ದಾರಿ: “ಐ ಗೋ ಫಾರ್ ಎ ವಾಕ್” ಅಥವಾ “ಐ ಗೋ ವಾಕಿಂಗ್.” ‘ಫಾರ್’ ಬಂದರೆ ‘ಎ ವಾಕ್’ ಬರಬೇಕು. ‘ವಾಕಿಂಗ್’ ಬಂದರೆ ‘ಫಾರ್’ ಹೋಗಬೇಕು. ಎರಡನ್ನೂ ಬೆರೆಸಿದರೆ ತಪ್ಪು.

‘ಎ’ ಬಿಟ್ಟು “ಗೋ ಫಾರ್ ವಾಕ್” ಅನ್ನುವವರೂ ಇದ್ದಾರೆ. ಕನ್ನಡದಲ್ಲಿ ‘ಎ’ ಇಲ್ಲದ್ದರಿಂದ ನಮಗೆ ಅದರ ಕೊರತೆ ಕಿವಿಗೆ ಬೀಳುವುದಿಲ್ಲ. ‘ಫಾರ್-ಎ-ವಾಕ್’ ಅಂತ ಮೂರನ್ನೂ ಅಂಟಿಸಿ ಒಂದೇ ಪದದಂತೆ ಹೇಳಿ ರೂಢಿ ಮಾಡಿಕೊಳ್ಳಿ. ಬೇರೆ ಯಾವ ನಿಯಮಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ.

“ಟೇಕ್ ಎ ವಾಕ್” ಕೂಡ ಸರಿ. ಆದರೆ ಎದುರಿಗಿರುವವರಿಗೆ ಗಟ್ಟಿ ದನಿಯಲ್ಲಿ ಅಪ್ಪಣೆಯಂತೆ ಹೇಳಿದರೆ, ಅಮೆರಿಕದವರಿಗೆ ‘ಹೋಗಾಚೆ’ ಅಂದಂತೆ ಕೇಳಿಸಬಹುದು. ಕರೆಯುವಾಗ “ಶಲ್ ವಿ ಗೋ ಫಾರ್ ಎ ವಾಕ್?” ಅನ್ನಿ, ಯಾವ ಅಪಾಯವೂ ಇಲ್ಲ.

ಸಮಯದ ದೂರಕ್ಕೆ: “ಇಟ್ಸ್ ಎ ಟೆನ್ ಮಿನಿಟ್ ವಾಕ್.” ‘ಮಿನಿಟ್’, ‘ಮಿನಿಟ್ಸ್’ ಅಲ್ಲ. ‘ಟೆನ್ ಮಿನಿಟ್ಸ್ ವಾಕ್’ ಅಂತ ಹೇಳಿದರೆ ಅದಕ್ಕೆ ಮೊದಲು ‘ಎ’ ಬರುವುದಿಲ್ಲ, ಬರೆಯುವಾಗ ಎಸ್ ಆದ ಮೇಲೆ ಮೇಲ್ಗಡೆ ಒಂದು ಅಲ್ಪವಿರಾಮದಂಥ ಗುರುತು ಬರಬೇಕು. ರೂಮು ಹುಡುಕುವಾಗ ನಮ್ಮ ಹುಡುಗರು “ಕಾಲೇಜ್ ಈಸ್ ವಾಕಬಲ್ ಡಿಸ್ಟೆನ್ಸ್” ಅನ್ನುತ್ತಾರೆ. ಕೇಳುವವರಿಗೆ ಅರ್ಥವಾಗುತ್ತದೆ. ಆದರೂ “ದ ಕಾಲೇಜ್ ಈಸ್ ವಿದಿನ್ ವಾಕಿಂಗ್ ಡಿಸ್ಟೆನ್ಸ್” ಅನ್ನುವುದು ಸಹಜ. ‘ವಾಕಬಲ್’ ಪದ ಹೆಚ್ಚಾಗಿ ಊರಿಗೆ, ಬೀದಿಗೆ ಬರುತ್ತದೆ, ಅಂದರೆ ನೆಮ್ಮದಿಯಿಂದ ನಡೆದಾಡಬಹುದಾದ ಜಾಗ. ಮೇ ತಿಂಗಳ ಮಧ್ಯಾಹ್ನ ನಮ್ಮ ಸೇಡಂ ರಸ್ತೆಗೆ ಆ ಪದ ಹೊಂದುವುದಿಲ್ಲ.

ನಾಮಪದಕ್ಕೆ ಇನ್ನೆರಡು ಅರ್ಥ ಇವೆ. ಒಂದು, ನಡೆಯುವ ಶೈಲಿ, ಅಂದರೆ ನಡಿಗೆ: “ಐ ಕ್ಯಾನ್ ರೆಕಗ್ನೈಸ್ ಹಿಮ್ ಬೈ ಹಿಸ್ ವಾಕ್.” ಅವನ ನಡಿಗೆಯಿಂದಲೇ ಗುರುತು ಹಿಡಿಯುತ್ತೇನೆ. ನೋಡಿ, ಇಲ್ಲಿ ‘ಬೈ’ ಬಂದಿದೆ, ಸರಿಯಾಗಿಯೂ ಇದೆ, ಯಾಕೆಂದರೆ ಇದು ಪ್ರಯಾಣ ಅಲ್ಲ, ಗುರುತು. ಎರಡು, ನಡೆಯುವ ದಾರಿ. ಪಾರ್ಕಿನೊಳಗಿನ ಕಾಲುದಾರಿಗೂ ‘ವಾಕ್’ ಅನ್ನುತ್ತಾರೆ. ರಸ್ತೆ ಪಕ್ಕದ್ದು ಅಮೆರಿಕದಲ್ಲಿ ‘ಸೈಡ್‌ವಾಕ್’, ಇಂಗ್ಲೆಂಡಿನಲ್ಲಿ ‘ಪೇವ್‌ಮೆಂಟ್’, ನಮ್ಮಲ್ಲಿ ಫುಟ್‌ಪಾತ್.

ಹಂತ 5: ‘ವಾಕ್’ ಆದ ಮೇಲೆ ಒಬ್ಬರನ್ನು ಇಡುವುದು

ಪುಸ್ತಕಗಳು ಈ ಭಾಗವನ್ನು ಬೇಗ ದಾಟುತ್ತವೆ. “ಐ ವಾಕ್ಟ್ ಮೈ ಗ್ರ್ಯಾಂಡ್‌ಮದರ್ ಟು ದ ಟೆಂಪಲ್.” ಅಜ್ಜಿಯ ಜೊತೆ ಗುಡಿಯ ತನಕ ನಡೆದು ಬಿಟ್ಟು ಬಂದೆ ಅಂತ ಅರ್ಥ. ‘ವಿತ್’ ಇಲ್ಲ. “ಐ ವಾಕ್ಟ್ ವಿತ್ ಮೈ ಗ್ರ್ಯಾಂಡ್‌ಮದರ್” ಅಂದರೆ ಜೊತೆಗೆ ನಡೆದೆ ಅಷ್ಟೇ. ‘ವಿತ್’ ತೆಗೆದಾಗ ಜವಾಬ್ದಾರಿ ಬರುತ್ತದೆ, ಅವರನ್ನು ಸುರಕ್ಷಿತವಾಗಿ ಮುಟ್ಟಿಸಿದೆ ಅನ್ನುವ ಭಾವ. ರಾತ್ರಿ ತಡವಾದಾಗ ಗೆಳತಿಗೆ “ಐ ವಿಲ್ ವಾಕ್ ಯೂ ಹೋಮ್” ಅನ್ನುವುದು ಇದೇ ಅರ್ಥದಲ್ಲಿ.

ಕನ್ನಡದ ‘ನಡೆಸು’ ಇಲ್ಲಿ ದಾರಿ ತಪ್ಪಿಸುತ್ತದೆ. ಮೂರು ಬೇರೆ ಮಾತುಗಳನ್ನು ನಾವು ಒಂದೇ ಪದದಲ್ಲಿ ಮುಗಿಸುತ್ತೇವೆ. ಆಸ್ಪತ್ರೆಯಲ್ಲಿ ರೋಗಿಯನ್ನು ಹಿಡಿದು ನಡೆಸಿದರೆ “ಐ ಹೆಲ್ಪ್ಡ್ ಹಿಮ್ ವಾಕ್.” ಇಷ್ಟವಿಲ್ಲದಿದ್ದರೂ ನಡೆಸಿದರೆ “ಐ ಮೇಡ್ ಹಿಮ್ ವಾಕ್.” ಜೊತೆಗೆ ಹೋಗಿ ಬಿಟ್ಟರೆ “ಐ ವಾಕ್ಟ್ ಹಿಮ್ ಟು ದ ಗೇಟ್.” ನರ್ಸಿಂಗ್ ಓದುವ ಮಕ್ಕಳು ಇದನ್ನು ಗಟ್ಟಿ ಮಾಡಿಕೊಳ್ಳಲೇಬೇಕು. ಶಸ್ತ್ರಚಿಕಿತ್ಸೆ ಆದವರ ಬಗ್ಗೆ ‘ಮೇಡ್ ಹಿಮ್ ವಾಕ್’ ಅಂತ ಬರೆದರೆ ಒತ್ತಾಯ ಮಾಡಿದಂತೆ ಓದಿಸುತ್ತದೆ.

ನಾಯಿಗೆ “ವಾಕ್ ದ ಡಾಗ್.” ಗಾಡಿ ಪಂಕ್ಚರ್ ಆಗಿ ತಳ್ಳಿಕೊಂಡು ಬಂದರೆ “ಐ ವಾಕ್ಟ್ ದ ಬೈಕ್ ಹೋಮ್.” ಆಫೀಸ್ ಕೆಲಸದಲ್ಲಿ ದಿನಾ ಬೇಕಾಗುವುದು ಇದು: “ಕುಡ್ ಯೂ ವಾಕ್ ಮೀ ಥ್ರೂ ದಿಸ್ ಫಾರ್ಮ್?” ಈ ಅರ್ಜಿಯನ್ನು ಒಂದೊಂದೇ ಹಂತವಾಗಿ ತಿಳಿಸಿಕೊಡಿ ಅಂತ. ಇಲ್ಲಿ ಕಾಲಿಲ್ಲ, ಆದರೂ ಯಾರನ್ನೋ ಕೈ ಹಿಡಿದು ದಾರಿ ತೋರಿಸುವ ಚಿತ್ರ ಇದೆ.

ಎಚ್ಚರಿಕೆ: ಬೀದಿಯಲ್ಲಿ ನಡೆಯುವವರಿಗೆ ‘ಸ್ಟ್ರೀಟ್ ವಾಕರ್’ ಅನ್ನಬೇಡಿ. ಅದು ಬೀದಿಯಲ್ಲಿ ಗಿರಾಕಿ ಹುಡುಕುವ ವೇಶ್ಯೆಯರಿಗೆ ಬಳಸುವ ಪದ. ನಡೆದು ಹೋಗುವವರು ‘ಪೆಡೆಸ್ಟ್ರಿಯನ್’. ಒಬ್ಬ ಹುಡುಗಿ ರಸ್ತೆ ಸುರಕ್ಷತೆಯ ಪ್ರಬಂಧದ ತುಂಬಾ ಆ ಪದ ಬಳಸಿದ್ದಳು. ಯಾರೂ ಮುಂಚೆ ಹೇಳಿರಲಿಲ್ಲ, ತಪ್ಪು ಅವಳದಲ್ಲ.

ಹಂತ 6: ‘ವಾಕ್’ ಆದ ಮೇಲೆ ಬರುವ ಪುಟ್ಟ ಪದ ಅರ್ಥವನ್ನೇ ಬದಲಿಸಿದಾಗ

ಮೂರನೇ ಹಂತದಲ್ಲಿ ಪುಟ್ಟ ಪದ ಬರೀ ದಿಕ್ಕು ಹೇಳುತ್ತಿತ್ತು. ಇಲ್ಲಿ ಅದು ‘ವಾಕ್’ ಜೊತೆ ಬೆರೆತು ಹೊಸ ಪದ ಆಗುತ್ತದೆ. ಒಂದೊಂದನ್ನೇ ತೆಗೆದುಕೊಳ್ಳಿ, ದಿನಕ್ಕೆ ಎರಡಕ್ಕಿಂತ ಜಾಸ್ತಿ ಬೇಡ.

ವಾಕ್ ಔಟ್. ಸಿಟ್ಟಿನಿಂದ ಅಥವಾ ವಿರೋಧ ತೋರಿಸಲು ಮಧ್ಯದಲ್ಲೇ ಎದ್ದು ಹೋಗುವುದು. ವಿಧಾನಸಭೆಯಲ್ಲಿ ವಿರೋಧ ಪಕ್ಷ ಮಾಡುವ ಸಭಾತ್ಯಾಗ ಇದೇ. ನೀವು ಪೂರ್ತಿ ಸಭೆ ಮುಗಿಸಿ ಹೊರಗೆ ಬಂದಿದ್ದನ್ನು “ಐ ವಾಕ್ಟ್ ಔಟ್ ಆಫ್ ದ ಮೀಟಿಂಗ್” ಅಂದರೆ, ಜಗಳ ಆಯಿತಾ ಅಂತ ಕೇಳುತ್ತಾರೆ. ಸುಮ್ನೆ ಹೊರಬಂದಿದ್ದರೆ “ಐ ಕೇಮ್ ಔಟ್” ಅಥವಾ “ಐ ಲೆಫ್ಟ್.”

ವಾಕ್ ಔಟ್ ಆನ್. ಇದು ಇನ್ನೂ ಭಾರ. “ಹೀ ವಾಕ್ಟ್ ಔಟ್ ಆನ್ ಹಿಸ್ ಫ್ಯಾಮಿಲಿ” ಅಂದರೆ ಹೆಂಡತಿ ಮಕ್ಕಳನ್ನು ನಡುನೀರಿನಲ್ಲಿ ಕೈಬಿಟ್ಟು ಹೋದ. ಒಂದು ‘ಆನ್’ ಸೇರಿದ್ದಕ್ಕೆ ಇಷ್ಟು ವ್ಯತ್ಯಾಸ.

ವಾಕ್ ಅವೇ. ಬಿಟ್ಟು ದೂರ ಹೋಗುವುದು, ಜಗಳದಿಂದ, ಕೆಟ್ಟ ಒಪ್ಪಂದದಿಂದ. ಅಪಘಾತದ ಸುದ್ದಿಯಲ್ಲಿ ಬಂದರೆ ಅರ್ಥ ಬೇರೆ: “ದ ಡ್ರೈವರ್ ವಾಕ್ಟ್ ಅವೇ ಫ್ರಮ್ ದ ಕ್ರ್ಯಾಶ್.” ಇದನ್ನು ಓದಿ ಚಾಲಕ ಪರಾರಿ ಅಂತ ಅನುವಾದ ಮಾಡಿದವರನ್ನು ನೋಡಿದ್ದೇನೆ. ಅಲ್ಲ. ದೊಡ್ಡ ಗಾಯವಿಲ್ಲದೆ ಪಾರಾದ ಅಂತ. ಪರಾರಿಯಾದರೆ ‘ಫ್ಲೆಡ್’ ಅನ್ನುತ್ತಾರೆ. ಒಂದು ಪದದ ತಪ್ಪು ತಿಳಿವಳಿಕೆಯಿಂದ ಒಬ್ಬ ಮನುಷ್ಯನ ಮೇಲೆ ಅಪರಾಧ ಹೊರಿಸಿದಂತೆ ಆಗುತ್ತದೆ. ಪತ್ರಿಕೋದ್ಯಮ ಓದುವವರು ಇದಕ್ಕೆ ಕೆಂಪು ಗೆರೆ ಹಾಕಿಕೊಳ್ಳಿ.

ವಾಕ್ ಆಫ್ ವಿತ್. ಎರಡು ಅರ್ಥ: ಕೇಳದೆ ಎತ್ತಿಕೊಂಡು ಹೋಗುವುದು, ಅಥವಾ ಬಹುಮಾನ ಸಲೀಸಾಗಿ ಗೆಲ್ಲುವುದು. “ಸಮ್‌ವನ್ ವಾಕ್ಟ್ ಆಫ್ ವಿತ್ ಮೈ ಅಂಬ್ರೆಲಾ.” ಛತ್ರಿ ಹೋಯಿತು. “ಶೀ ವಾಕ್ಟ್ ಆಫ್ ವಿತ್ ದ ಫಸ್ಟ್ ಪ್ರೈಜ್.” ಬಹುಮಾನ ಬಂತು. ಗೆಲುವಿಗೆ ‘ವಾಕ್ ಅವೇ ವಿತ್’ ಕೂಡ ಬರುತ್ತದೆ. ಇನ್ನು ಬರೀ ‘ವಾಕ್ ಆಫ್’: ಹೋಳಿಗೆ ಊಟ ಜಾಸ್ತಿ ಆಗಿ ಕರಗಿಸಲು ಅಡ್ಡಾಡಿದರೆ “ಐ ವಾಕ್ಟ್ ಆಫ್ ಮೈ ಲಂಚ್.”

ವಾಕ್ ಇನ್, ವಾಕ್ ಇನ್ಟು. ಪೇಪರ್‌ನಲ್ಲಿ ‘ವಾಕ್ ಇನ್ ಇಂಟರ್‌ವ್ಯೂ’ ಅಂತ ಬಂದರೆ ಮುಂಚೆ ಹೆಸರು ಬರೆಸದೆ ದಾಖಲೆ ಹಿಡಿದು ನೇರ ಹೋಗುವ ಸಂದರ್ಶನ. ‘ವಾಕ್ ಇನ್ಟು’ ಮೂರು ತರ ಕೆಲಸ ಮಾಡುತ್ತದೆ. ಕೋಣೆಯೊಳಗೆ ಹೋಗುವುದು. ಮೊಬೈಲ್ ನೋಡುತ್ತಾ ಹೋಗಿ ಕಂಬಕ್ಕೆ ಡಿಕ್ಕಿ ಹೊಡೆಯುವುದು: “ಹೀ ವಾಕ್ಟ್ ಇನ್ಟು ಎ ಪೋಲ್.” ಕಷ್ಟವಿಲ್ಲದೆ ಕೆಲಸ ಸಿಗುವುದು: “ಶೀ ವಾಕ್ಟ್ ಇನ್ಟು ಎ ಗುಡ್ ಜಾಬ್.” ಈ ಕೊನೆಯದನ್ನು ಕಷ್ಟಪಟ್ಟು ಓದಿ ಕೆಲಸ ಹಿಡಿದವರ ಬಗ್ಗೆ ಹೇಳಬೇಡಿ. ಅವರ ದುಡಿಮೆಯನ್ನೇ ಇಲ್ಲ ಅಂದಂತೆ ಆಗುತ್ತದೆ.

ವಾಕ್ ಓವರ್. ಊರಿನ ಕಬಡ್ಡಿ ಪಂದ್ಯಗಳಲ್ಲಿ ಎದುರಿನ ತಂಡ ಬರದಿದ್ದರೆ ‘ವಾಕೋವರ್’ ಕೊಡುತ್ತಾರಲ್ಲ, ಅದು ಒಂದೇ ಪದವಾಗಿ ನಾಮಪದ. ತುಂಬಾ ಸುಲಭದ ಗೆಲುವಿಗೂ ಹೇಳುತ್ತಾರೆ. ನಡುವೆ ‘ಆಲ್’ ಸೇರಿದರೆ ಬೇರೆಯೇ: “ಡೋಂಟ್ ಲೆಟ್ ದೆಮ್ ವಾಕ್ ಆಲ್ ಓವರ್ ಯೂ.” ನಿನ್ನನ್ನು ತುಳಿಯಲು ಬಿಡಬೇಡ. ಮೊದಲ ಕೆಲಸಕ್ಕೆ ದೊಡ್ಡ ಊರಿಗೆ ಹೋಗುವ ನನ್ನ ವಿದ್ಯಾರ್ಥಿಗಳಿಗೆಲ್ಲ ಈ ವಾಕ್ಯ ಬರೆಸಿಯೇ ಕಳಿಸುತ್ತೇನೆ.

ವಾಕ್ ಅಪ್ ಟು ಅಂದರೆ ಒಬ್ಬರ ಹತ್ತಿರ ಹೋಗಿ ನಿಲ್ಲುವುದು. ವಾಕ್ ಬ್ಯಾಕ್ ಅಂದರೆ ನಡೆದು ವಾಪಸ್ ಬರುವುದು, ಈಗಿನ ರಾಜಕೀಯ ಸುದ್ದಿಯಲ್ಲಾದರೆ ಆಡಿದ ಮಾತಿನಿಂದ ಹಿಂದೆ ಸರಿಯುವುದು.

ಅಪಾಯದ ಗುರುತು: ಸುದ್ದಿ ಓದುವಾಗ ‘ವಾಕ್’ಗೆ ನಡೆ ಅಂತ ಹಾಕಿದರೆ ವಾಕ್ಯ ವಿಚಿತ್ರ ಅನಿಸಿತಾ? ಹಾಗಾದರೆ ಅದಾದ ಮೇಲೆ ಬರುವ ಪುಟ್ಟ ಪದ ನೋಡಿಲ್ಲ. ಕೋರ್ಟ್ ಸುದ್ದಿಯಲ್ಲಿ “ಹೀ ವಾಕ್ಟ್ ಫ್ರೀ” ಅಂತ ಇದ್ದರೆ ಬಿಡುಗಡೆ ಆದ ಅಂತ, ಪುಕ್ಕಟೆ ನಡೆದ ಅಂತಲ್ಲ.

ಹಂತ 7: ಆಟ ಮತ್ತು ಆಕಾಶ

ಕ್ರಿಕೆಟ್ ಕಾಮೆಂಟರಿಯಲ್ಲಿ “ಹೀ ವಾಕ್ಟ್” ಅಂದರೆ, ಅಂಪೈರ್ ಔಟ್ ಕೊಡುವ ಮುಂಚೆಯೇ ಬ್ಯಾಟ್ಸ್‌ಮನ್ ತಾನು ಔಟ್ ಅಂತ ಒಪ್ಪಿ ಹೊರಟ ಅಂತ. 2003ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಶ್ರೀಲಂಕಾ ಎದುರು ಆ್ಯಡಂ ಗಿಲ್‌ಕ್ರಿಸ್ಟ್ ಮಾಡಿದ್ದು ಇದನ್ನೇ. ಔಟ್ ಆದವರೆಲ್ಲ ಪೆವಿಲಿಯನ್‌ಗೆ ನಡೆದೇ ಹೋಗುತ್ತಾರೆ, ಆದರೆ ಎಲ್ಲರ ಬಗ್ಗೆ ಹೀಗೆ ಹೇಳುವುದಿಲ್ಲ.

ಒಲಿಂಪಿಕ್ಸ್‌ನ ‘ರೇಸ್ ವಾಕಿಂಗ್’ನಲ್ಲಿ ಎರಡು ನಿಯಮ. ಕಣ್ಣಿಗೆ ಕಾಣುವಂತೆ ಯಾವಾಗಲೂ ಒಂದು ಪಾದ ನೆಲ ಮುಟ್ಟಿರಬೇಕು, ಮುಂದಿಟ್ಟ ಕಾಲು ನೆಲ ಮುಟ್ಟಿದಾಗಿನಿಂದ ದೇಹದ ಕೆಳಗೆ ನೇರವಾಗುವ ತನಕ ಮಂಡಿ ಬಾಗಬಾರದು. ‘ವಾಕ್’ ಮತ್ತು ‘ರನ್’ ನಡುವಿನ ಗೆರೆ ಎಲ್ಲಿದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಗಗನಯಾತ್ರಿ ನೌಕೆಯಿಂದ ಹೊರಗೆ ಬರುವುದು ‘ಸ್ಪೇಸ್‌ವಾಕ್’. 1965ರ ಮಾರ್ಚ್ 18ರಂದು ಅಲೆಕ್ಸಿ ಲಿಯೊನೊವ್ ಮೊದಲ ಬಾರಿ ಸುಮಾರು 12 ನಿಮಿಷ ಹೊರಗಿದ್ದರು. ತೇಲುತ್ತಾರೆ, ಹೆಜ್ಜೆ ಇಡುವುದಿಲ್ಲ. ನಮ್ಮ ಕಾಲಿನ ಪರೀಕ್ಷೆಗೆ ಇದು ಹೊರತು, ಹಾಗೇ ನೆನಪಿಟ್ಟುಕೊಳ್ಳಿ.

ಹಂತ 8: ಕಟ್ಟಿಟ್ಟ ಮಾತುಗಳು, ಮತ್ತು ‘ವಾಕ್’ನ ಬಂಧುಗಳು

ಕಟ್ಟಿಟ್ಟ ಮಾತುಗಳನ್ನು ನಾಲ್ಕೇ ಕಲಿಯಿರಿ. ‘ಪೀಪಲ್ ಫ್ರಮ್ ಆಲ್ ವಾಕ್ಸ್ ಆಫ್ ಲೈಫ್’, ಎಲ್ಲ ಬಗೆಯ ಜನ, ಖ್ವಾಜಾ ಬಂದೇ ನವಾಜ್ ಉರುಸಿಗೂ ಶರಣಬಸವೇಶ್ವರ ಜಾತ್ರೆಗೂ ಬರುವ ಹಾಗೆ. ‘ವಾಕ್ ದ ಟಾಕ್’, ನುಡಿದಂತೆ ನಡೆ. ಇಲ್ಲಿ ಎರಡು ಭಾಷೆಯ ನಡೆಯೂ ಒಂದೇ ಕಡೆ ಸೇರುತ್ತದೆ, ಅಪರೂಪ. ‘ವಾಕ್ ಎ ಟೈಟ್‌ರೋಪ್’, ಎರಡು ಕಡೆಯವರನ್ನೂ ಸಂಭಾಳಿಸಿಕೊಂಡು ಹೋಗುವುದು. ‘ವಾಕ್ ಆನ್ ಎಗ್‌ಶೆಲ್ಸ್’, ಯಾವ ಮಾತಿಗೆ ಎದುರಿನವರು ಸಿಟ್ಟಾಗುತ್ತಾರೋ ಅಂತ ಹೆದರಿ ನಾಜೂಕಾಗಿ ಇರುವುದು. ಇವನ್ನು ಪ್ರಬಂಧಕ್ಕೆ ಒಂದಕ್ಕಿಂತ ಜಾಸ್ತಿ ಹಾಕಬೇಡಿ.

ಬಂಧುಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಕನ್ನಡದಲ್ಲಿ ‘ನಡೆ’ಗೆ ಒಂದು ವಿಶೇಷಣ ಹಚ್ಚುತ್ತೇವೆ, ಇಂಗ್ಲಿಷ್ ಬೇರೆ ಕ್ರಿಯಾಪದವನ್ನೇ ತರುತ್ತದೆ. ಸುಮ್ನೆ ಅಡ್ಡಾಡುವುದು ‘ಸ್ಟ್ರೋಲ್’. ದಾಪುಗಾಲು ಹಾಕುವುದು ‘ಸ್ಟ್ರೈಡ್’. ಕುಂಟುವುದು ‘ಲಿಂಪ್’. ತುದಿಗಾಲಲ್ಲಿ ಹೋಗುವುದು ‘ಟಿಪ್‌ಟೋ’. ಮಳೆಗಾಲದಲ್ಲಿ ಮೊಣಕಾಲುದ್ದ ನೀರಲ್ಲಿ ಹೋಗುವುದು ‘ವೇಡ್’. ದಣಿದು ಭಾರವಾಗಿ ಕಾಲೆಳೆಯುವುದು ‘ಟ್ರಜ್’. ಸಾಲಾಗಿ, ಒಂದು ಉದ್ದೇಶ ಇಟ್ಟು ಹೋಗುವುದು ‘ಮಾರ್ಚ್’. 1930ರಲ್ಲಿ ಗಾಂಧೀಜಿ ಸಾಬರಮತಿಯಿಂದ ದಂಡಿಗೆ ನಡೆದದ್ದನ್ನು ಇಂಗ್ಲಿಷಿನಲ್ಲಿ ‘ಸಾಲ್ಟ್ ಮಾರ್ಚ್’ ಅನ್ನುವುದು ಅದಕ್ಕೇ. “ವಾಕ್ಟ್ ವೆರಿ ಸ್ಲೋಲಿ” ಅಂತ ಬರೆದ ಕಡೆಯೆಲ್ಲ ಇವುಗಳಲ್ಲಿ ಒಂದು ಹೊಂದುತ್ತದಾ ನೋಡಿ.

ಹಂತ 9: ಪರೀಕ್ಷೆ

ಕೆಳಗಿನ ಐದನ್ನು ಮೊದಲು ಕೈಯಿಂದ ಮುಚ್ಚಿ ನೀವೇ ಇಂಗ್ಲಿಷ್ ಮಾಡಿ, ಆಮೇಲೆ ಉತ್ತರ ನೋಡಿ.

“ಬಸ್ ಸಿಗಲಿಲ್ಲ, ನಡಕೋತ ಬಂದೆ.” “ಐ ಡಿಡಂಟ್ ಗೆಟ್ ಎ ಬಸ್, ಸೋ ಐ ವಾಕ್ಟ್.” ಇಲ್ಲಿ ‘ಬೈ’ ಬಂದಿದ್ದರೆ ಮೂರನೇ ಹಂತಕ್ಕೆ ವಾಪಸ್ ಹೋಗಿ.

“ಊಟ ಆದ್ಮ್ಯಾಲ ಕೆರಿ ಕಡಿ ಅಡ್ಡಾಡಿ ಬರೋಣು.” “ಲೆಟ್ಸ್ ಗೋ ಫಾರ್ ಎ ವಾಕ್ ಬೈ ದ ಲೇಕ್ ಆಫ್ಟರ್ ಡಿನ್ನರ್.” ‘ಎ’ ಇದೆಯಾ ನೋಡಿ. ಆ ‘ಬೈ’ ಅಂದರೆ ಪಕ್ಕದಲ್ಲಿ, ಹೆದರಬೇಡಿ.

“ನಮ್ಮ ಊರಾಗ ಜಾತ್ರಿ ನಡದದ.” “ದ ಜಾತ್ರೆ ಈಸ್ ಗೋಯಿಂಗ್ ಆನ್ ಇನ್ ಅವರ್ ವಿಲೇಜ್.” ಕಾಲಿಲ್ಲ, ‘ವಾಕ್’ ಇಲ್ಲ.

“ಅಮ್ಮನ್ನ ಬಸ್ ಸ್ಟ್ಯಾಂಡ್ ತನಕ ಬಿಟ್ಟು ಬಂದೆ.” ನಡೆದು ಹೋಗಿದ್ದರೆ “ಐ ವಾಕ್ಟ್ ಮೈ ಮದರ್ ಟು ದ ಬಸ್ ಸ್ಟ್ಯಾಂಡ್.” ಗಾಡಿಯ ಮೇಲೆ ಬಿಟ್ಟಿದ್ದರೆ “ಐ ಡ್ರಾಪ್ಡ್ ಮೈ ಮದರ್ ಅಟ್ ದ ಬಸ್ ಸ್ಟ್ಯಾಂಡ್.” ಕನ್ನಡ ವಾಕ್ಯ ಇದನ್ನು ಹೇಳುವುದಿಲ್ಲ, ಹಾಗಾಗಿ ಹೇಗೆ ಹೋದಿರಿ ಅಂತ ನೀವೇ ನೆನಪು ಮಾಡಿಕೊಳ್ಳಬೇಕು.

“ಎಲ್ಲಿಗಿ ನಡದೀರಿ?” “ವೇರ್ ಆರ್ ಯೂ ಗೋಯಿಂಗ್?” ಪರಿಚಯದವರಾದರೆ “ವೇರ್ ಆರ್ ಯೂ ಆಫ್ ಟು?” ಅಂದರೆ ಇನ್ನೂ ಹತ್ತಿರ. ಇದನ್ನು ಕೊನೆಗೆ ಇಟ್ಟಿದ್ದು ಬೇಕಂತಲೇ, ಮೊದಲ ನಾಲ್ಕು ಸರಿ ಮಾಡಿದವರೂ ಇಲ್ಲಿ ಎಡವುತ್ತಾರೆ, ಯಾಕೆಂದರೆ ಇದು ನಮ್ಮ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು. ನೀವೂ ಎಡವಿದ್ದರೆ ಎರಡನೇ ಹಂತದ ಆ ನೋಟ್‌ಬುಕ್ ಪುಟ ತೆಗೆದು, ಇನ್ನೂ ಮೂರು ದಿನ ‘ನಡಿ’ಗಳನ್ನು ಬರೆಯಿರಿ.